ಅಡ್ಡಡ್ಡ ಆಡಿಸಿದರೆ ಹೌದು

ಬೆರಾತ್, ನವೆಂಬರ್ 9, 1943
ಇವತ್ತೂ ಲೂನಾಗೆ ತಲೆಯಾಡಿಸುವ ಪಾಠ. ಬೆಲ್‌ಗ್ರೇಡಿನಿಂದ ಓಡಿಬಂದು ಅಪ್ಪ ಅಮ್ಮನ ಜೊತೆ ಪಕ್ಕದ ಮನೆಯಲ್ಲಿದ್ದಾಗ ಹೇಗೆ ಆಡಿಸಿದರೂ ನಡೆಯುತ್ತಿತ್ತು. ಈಗ ಜರ್ಮನರು ಮನೆಮನೆಗೆ ನುಗ್ಗಿ ಯೆಹೂದ್ಯರನ್ನು ಹುಡುಕುತ್ತಿದ್ದಾರೆ. ಅವಳ ಅಪ್ಪ ಅಮ್ಮ ಬೆಟ್ಟದ ಮೇಲೆ, ನಮ್ಮ ದೊಡ್ಡಪ್ಪನ ಹಳ್ಳಿಗೆ ಹೋದರು. ಇವಳಿಗೆ ಜ್ವರ, ಇಲ್ಲೇ ಉಳಿದಳು. ಈಗ ಲೂನಾ ಅಲ್ಲ, ನನ್ನ ತಂಗಿ ಲೆಯ್ಲಾ.

ನಮ್ಮ ಅಲ್ಬೇನಿಯನ್ ಮಾತೇನೋ ಚೆನ್ನಾಗಿ ಕಲಿತಿದ್ದಾಳೆ. ತಲೆ ಮಾತ್ರ ಇನ್ನೂ ಬೆಲ್‌ಗ್ರೇಡಿನದೇ! "ಹಸಿವಾ?" ಅಂದೆ. ಮೇಲೆ ಕೆಳಗೆ ಆಡಿಸಿದಳು. ನಮ್ಮಲ್ಲಿ ಅದು ಇಲ್ಲ ಅಂತ. ಬ್ಯೂರೆಕ್ ಕಡುಬಿನ ತಟ್ಟೆ ಎತ್ತಿಕೊಂಡೆ.

"ಕೊಡೇ, ರಾಕ್ಷಸಿ!"

"ಹೌದು ಅಂದ್ರೆ ಅಡ್ಡಡ್ಡ. ಸರಿಯಾಗಿ ಆಡ್ಸು, ಕೊಡ್ತೀನಿ."

ಅಮ್ಮ ಬಂದು ಮೊಟಕಿದಳು. "ಅತಿಥಿ ಮುಂದಿಂದ ತಟ್ಟೆ ಎತ್ತೋಳನ್ನ ಇವತ್ತೇ ನೋಡಿದ್ದು ನಾನು."

ನವೆಂಬರ್ 13
ಕಲಿತಳು. ನಿದ್ದೆಗಣ್ಣಲ್ಲಿ ಕೇಳಿದರೂ ಅಡ್ಡಡ್ಡ. ನನ್ನಂಥ ಮೇಷ್ಟ್ರು ಯಾರಿದ್ದಾರೆ!

ನವೆಂಬರ್ 16, ಮಧ್ಯಾಹ್ನ
ಬಂದಿದ್ದರು. ಒಬ್ಬ ಜರ್ಮನ್ ಅಧಿಕಾರಿ, ಹಿಂದೆ ದುಭಾಷಿಯಾಗಿ ನಮ್ಮೂರ ಪೊಲೀಸ್. ಬಾಗಿಲಲ್ಲಿ ನಾನೊಬ್ಬಳೇ. ಅಧಿಕಾರಿ ಮಹಡಿಯತ್ತ ಬೆರಳು ಮಾಡಿ "ಯೂದೆನ್?" ಅಂದ. ಯೆಹೂದ್ಯರಾ ಅಂತ. ಇಲ್ಲ ಎಂದು ತಲೆಯಾಡಿಸಿದೆ... ಮೇಲೆ ಕೆಳಗೆ. ಅವನಿಗೆ ಅದು ಹೌದು! ಮೆಟ್ಟಿಲು ಹತ್ತೇಬಿಟ್ಟ.

ನಾನೂ ಹಿಂದೆಯೇ ಓಡಿದೆ. ಮೇಲೆ ಅಪ್ಪ, ಲೂನಾ.

"ನನ್ನ ಮಗಳು," ಅಂದ ಅಪ್ಪ.

ಪೊಲೀಸ್ ಅವಳನ್ನು ಕೇಳಿದ: "ಇವ್ರು ನಿನ್ನ ಅಪ್ಪಾನೇನಮ್ಮಾ?"

ಲೂನಾ ಅಡ್ಡಡ್ಡ ತಲೆಯಾಡಿಸಿದಳು. ಅಧಿಕಾರಿ ಪಿಸ್ತೂಲಿಗೆ ಕೈ ಹಾಕಿದ.

ಪೊಲೀಸ್ ಜೋರಾಗಿ ನಕ್ಕುಬಿಟ್ಟ. "ಸ್ವಾಮಿ, ತಡೀರಿ! ನಮ್ಮೂರಲ್ಲಿ ಅದೇ ಹೌದು. ಹೊರಗಿನೋರಿಗೆ ಹೀಗೆ ಆಡ್ಸೋಕೆ ಬರಲ್ಲ. ಕೆಳಗಿನ ಹುಡುಗಿ ಹೇಳಿದ್ದೂ ಇಲ್ಲ ಅಂತಾನೇ." ಅದನ್ನೇ ಜರ್ಮನ್‌ನಲ್ಲೂ ಹೇಳಿದ. ಅಧಿಕಾರಿ ಮುಖ ಕೆಂಪಗೆ ಮಾಡಿಕೊಂಡು ಇಳಿದುಹೋದ.

ಪೊಲೀಸ್ ಮಾತ್ರ ಹೊಸ್ತಿಲಲ್ಲಿ ನಿಂತು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದ. "ರುಸ್ತೆಮ್, ಮತ್ತೆ ಬರ್ತಾರೆ. ಆಗ ದುಭಾಷಿ ಬೇರೆಯವನಿರ್ತಾನೆ."

ಅದೇ ದಿನ, ಸಂಜೆ ನಾಲ್ಕು
ಹೊರಟರು. ಅಪ್ಪ ಲೂನಾಳನ್ನು ಹೇಸರಗತ್ತೆ ಮೇಲೆ ಕೂರಿಸಿಕೊಂಡು ದೊಡ್ಡಪ್ಪನ ಹಳ್ಳಿಗೆ ಹೋದ. ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲ ಅವಳಿಗೆ. ಎಲ್ಲ ನನ್ನ ಹಾಳು ತಲೆಯಿಂದ. ಲೂನಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನವೆಂಬರ್ 19
ಅಪ್ಪ ಬಂದಿಲ್ಲ. ಮೇಲೆ ಹಿಮ ಬಿದ್ದಿದೆಯಂತೆ. "ಕೂತ್ಕೊಳ್ಳೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಅಂದಳು ಅಮ್ಮ. ಅವಳೇ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಾಳೆ.

ನವೆಂಬರ್ 20
ಇಲ್ಲ.

ನವೆಂಬರ್ 21
ಅಪ್ಪ ಬಂದ! ಲೂನಾ ತಲುಪಿದಳಂತೆ, ತನ್ನ ಅಮ್ಮನ ಮಡಿಲಲ್ಲೇ ಮಲಗಿದಳಂತೆ. ದಾರಿಯಲ್ಲಿ ಸೇತುವೆಯ ಕಾವಲಿನವರು ತಡೆದು, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಅವಳನ್ನೇ ಕೇಳಿದರಂತೆ. "ನಮ್ಮಕ್ಕ. ಅವಳ ಹತ್ರ ಮಾತೂ ಆಡ್ದೆ ಬಂದ್ಬಿಟ್ಟೆ" ಅಂದು ಬಿಕ್ಕಿ ಬಿಕ್ಕಿ ಅತ್ತಳಂತೆ. ಬಿಟ್ಟು ಕಳಿಸಿದರಂತೆ.

"ಎಂಥಾ ಪಾಠ ಹೇಳ್ಕೊಟ್ಟಿದೀಯ ಕಣೇ," ಅಂದ ಅಪ್ಪ.

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಪಾಠ ಅಲ್ಲ. ಅವಳು ನಿಜಕ್ಕೂ ನನ್ನನ್ನ ಅಕ್ಕ ಅಂತ—