ಸದ್ದು ನುಂಗಿದ ಆ್ಯಪ್

ಮಾರ್ಚ್ ೧೧, ಬುಧವಾರ. ಕೈಲಾಂಚ.

ಅವ್ವನ ಮಂಡಿ ಇನ್ನೂ ಊದಿದೆ.

ಬೆಳಿಗ್ಗೆ ಅಪ್ಪ ಹಾಲು ಹಾಕಿದ ಕೂಡಲೇ ಡೈರಿಯಿಂದ ಅವ್ವನ ಫೋನಿಗೆ ಬರುವ ಮೆಸೇಜನ್ನು ಸದ್ದಿಲ್ಲದೆ ಹಿಡಿದು ಲೀಟರು, ಫ್ಯಾಟು ಪಟ್ಟಿ ಮಾಡುವ ಆ್ಯಪ್ ನಾನೇ ಬರೆದದ್ದು. ನಿನ್ನೆ ಅವ್ವನ ಫೋನಿಗೆ ಹಾಕಿದೆ. ಓದು ಬಾರದವಳಿಗೆ ಕಿರಿಕಿರಿ ತಪ್ಪಲಿ ಎಂದು. ಒಪ್ಪಿಗೆಯ ಬಟನ್‌ಗಳನ್ನೆಲ್ಲ ನಾನೇ ಒತ್ತಿದೆ, ಅವಳನ್ನು ಕೇಳಲಿಲ್ಲ.

ಹೋದ ವರ್ಷ ಅಪ್ಪ ಹಾಲಿನ ಕ್ಯಾನಿನ ಸಮೇತ ಎದೆ ಹಿಡಿದುಕೊಂಡು ದಾರಿಯಲ್ಲಿ ಬಿದ್ದಿದ್ದ. ಅಂದಿನಿಂದ ಅವಳು ಬೆಳಿಗ್ಗೆ ಒಲೆ ಮುಂದೆ ಆ ಮೆಸೇಜಿನ ಸದ್ದಿಗೇ ಕಾಯುತ್ತಿದ್ದಳಂತೆ. ಇವತ್ತು ಸದ್ದಾಗಲಿಲ್ಲ. ಬರಿಗಾಲಲ್ಲಿ ಓಡಿ ಚರಂಡಿ ಹತ್ತಿರ ಬಿದ್ದಳು. ಅಪ್ಪ ಡೈರಿ ಕಟ್ಟೆಯ ಮೇಲೆ ಹರಟುತ್ತಾ ಕೂತಿದ್ದ.

ನನ್ನನ್ನು ಬೈಯಲೂ ಇಲ್ಲ. “ಅದು ಟಿಣ್ ಅಂದ್ರೆ ನಿಮ್ಮಪ್ಪ ಬದುಕವ್ರೆ ಅಂತ ಕಣವ್ವ. ಅದ್ರಲ್ಲಿ ಓದಕ್ಕೆ ಏನೈತೆ?” ಅಂದಳು.

ಆ್ಯಪ್ ತೆಗೆದೆ. ತೆಗೆದಿದ್ದೇನೆ ಎಂದರೂ ಅವಳಿಗೆ ಫೋನಿನ ಮೇಲೆ ನಂಬಿಕೆಯಿಲ್ಲ. ನಾಳೆಯಿಂದ ಆ ಕಾಲಲ್ಲೇ ಅಪ್ಪನ ಹಿಂದೆ ಡೈರಿಗೆ ಹೋಗುತ್ತಾಳಂತೆ.