ಒಣಗದ ಸಂಡಿಗೆ

ವಾದಿ ಕಬೀರ್, ಮಸ್ಕತ್
18 ಜೂನ್ 2004

ಸುಶೀಲಮ್ಮನವರಿಗೆ, ನಿಮ್ಮ ಮಗಳ ಎದುರು ಫ್ಲ್ಯಾಟಿನ ಅಪ್ಪಿಯ ನಮಸ್ಕಾರ.

ಪ್ರೇರಣಾ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು. ಕಾಲಿನ ಪ್ಲಾಸ್ಟರ್ ಮುಂದಿನ ವಾರ ತೆಗೆಯುತ್ತಾರೆ. ನಿನ್ನೆ ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಅಂದಳು. ನನಗೆ ಸಂತೋಷವಾಯಿತು.

ಪೊಲೀಸರಿಗೆ ಏನು ಹೇಳಿದೆ ಎಂದು ಕೇಳಿದ್ದೀರಿ. ಬೆಳಿಗ್ಗೆ ತಾರಸಿಯಲ್ಲಿ ಪಂಚೆ ಹಾಸಿ ಸಾಬಕ್ಕಿ ಸಂಡಿಗೆ ಹಾಕಿದ್ದಳು, ಮಧ್ಯಾಹ್ನ ನೋಡಲು ಹೋದಳು, ಗಾಳಿಗೆ ಪಂಚೆಯ ತುದಿ ಹಾರಿತು, ಹಿಡಿಯಲು ಬಗ್ಗಿದಳು, ಕಟ್ಟೆ ಗಿಡ್ಡ, ಕೆಳಗಿನ ಗ್ಯಾರೇಜಿನ ತಗಡಿನ ಮೇಲೆ ಬಿದ್ದಳು. ಇಷ್ಟೇ. ಬಸಿರು ನಿಲ್ಲದೆ ಹೋದ ಮೇಲೆ ಅವಳು ಮಾತು ಬಿಟ್ಟದ್ದನ್ನು, ಬಾಗಿಲು ತೆರೆದಿಟ್ಟು ಸುಮ್ಮನೆ ಕೂರುತ್ತಿದ್ದದ್ದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಾನಾಗಿ ಹಾರಿದಳೆಂದು ಬರೆದುಕೊಂಡರೆ ಕೇಸಾಗುತ್ತದೆ, ಅವಳನ್ನು ಊರಿಗೆ ಅಟ್ಟಿಬಿಡುತ್ತಾರೆ ಎಂದು ನಿಮ್ಮ ಅಳಿಯ ಕಿಶೋರ್ ಆಸ್ಪತ್ರೆಯಿಂದ ಫೋನಿನಲ್ಲಿ ಅತ್ತಿದ್ದ.

ಪೊಲೀಸರು ಸಂಜೆ ತಾರಸಿ ನೋಡಲು ಬಂದರು. ಅರಬಿ ಬಲ್ಲವನೆಂದು ಕಿಶೋರನ ಕಂಪನಿಯ ಸ್ಟ್ಯಾನ್ಲಿ ಜೊತೆಗಿದ್ದ, ನಮ್ಮ ಮಂಗಳೂರಿನವನು. ಸಂಡಿಗೆ ಎಂದರೇನೆಂದು ತಿಳಿಸುವಷ್ಟರಲ್ಲಿ ಅವನಿಗೆ ಬೆವರಿಳಿಯಿತು. ತನ್ನ ತಾಯಿಯೂ ಮಾಳಿಗೆಯ ಮೇಲೆ ನಿಂಬೆ ಒಣಗಿಸುತ್ತಾಳೆ ಎಂದು ಅಧಿಕಾರಿ ನಕ್ಕನಂತೆ. ಸ್ಟ್ಯಾನ್ಲಿ ಬಗ್ಗಿ ಒಂದು ಸಂಡಿಗೆ ಮುಟ್ಟಿದ. ಬೆಳಗಿನಿಂದ ಮೇ ತಿಂಗಳ ಬಿಸಿಲಲ್ಲಿದ್ದದ್ದು ಬೆರಳಿಗೆ ಅಂಟಿಕೊಂಡಿತು. ಕರ್ಚೀಫಿನಲ್ಲಿ ಒರೆಸಿಕೊಂಡ. ಅದನ್ನು ಅರಬಿಯಲ್ಲಿ ಹೇಳಲಿಲ್ಲ.

ಮೆಟ್ಟಿಲಿಳಿಯುವಾಗ ಮಾತ್ರ, "ನನಗೂ ಎರಡು ಹಿಡಿ ಇಡಿ ಅಪ್ಪಿಯಕ್ಕ. ನಿಮ್ಮಲ್ಲಿ ಒಣಗ್ಲಿಕ್ಕೆ ಸ್ವಲ್ಪ ನಿಧಾನ ಕಾಣ್ತದೆ" ಎಂದ.

ಎರಡು ದಿನ ಬಿಟ್ಟು ಅವನೇ ಫೋನು ಮಾಡಿ ಖಲಾಸ್, ವಿಚಾರಣೆ ಮುಗಿಯಿತು ಎಂದ.

ಈಗ ಅವಳು ದಿನವೂ ಊರುಗೋಲು ಹಿಡಿದು ನಮ್ಮಲ್ಲಿಗೆ ಬರುತ್ತಾಳೆ. ವಾರಕ್ಕೊಮ್ಮೆ ಕಿಶೋರ್ ರಜೆ ಹಾಕಿ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋಗುತ್ತಾನೆ. ನಾನು ಏನೂ ಕೇಳುವುದಿಲ್ಲ. ಕೆಲವೊಮ್ಮೆ ತಾನೇ ಹೇಳುತ್ತಾಳೆ, ಆಮೇಲೆ ಚಹಾ ಕೇಳುತ್ತಾಳೆ. ಸಂಜೆಗಳು ಹೀಗೆ ಚೆನ್ನಾಗಿಯೇ ಕಳೆಯುತ್ತಿವೆ.

ನಿಮ್ಮ ಮಗಳ ನೆರೆಯವಳು,
ಅಪ್ಪಿ

ಮರೆತದ್ದು: ಹಾಲು ಕಾಯಿಸಲೂ ಬಾರದವಳು ಸಂಡಿಗೆ ಯಾವಾಗ ಕಲಿತಳು ಎಂದು ಬರೆದಿದ್ದೀರಿ. ಹೋದ ವಾರದಿಂದ ಕಲಿಯುತ್ತಿದ್ದಾಳೆ. ಮೊನ್ನೆಯವು ಎಲ್ಲ ಒಡೆದುಹೋದವು. ಆ ದಿನದ ಸಂಡಿಗೆಯ ಗಂಜಿ ಕುದಿದದ್ದು ನನ್ನ ಒಲೆಯ ಮೇಲೆ, ಆಂಬುಲೆನ್ಸ್ ಹೋದ ಮೇಲೆ. ಯಾರಾದರೂ ಕೇಳಿದರೆ, ಮದುವೆಗೆ ಮುಂಚೆ ನೀವೇ ಕಲಿಸಿದ್ದು ಎನ್ನಿ.