ಕವಲೂರರ ಮೂರು ಅಡಿ

ಹತ್ತಿಕಾಳ ಓಣಿ, ಮೂಡಲ ಪೇಟೆ
ಜ್ಯೇಷ್ಠ ಮಾಸದ ಮೂವತ್ತೊಂಬತ್ತನೆಯ ದಿನ, ಕ್ರಿ.ಶ. 2197

ಈ ಮನೆಯನ್ನು ಕಟ್ಟಿಸಿದ ಹಿರಿಯರಾದ ಮಹಾಂತೇಶಪ್ಪ ಕವಲೂರ ಅವರಿಗೆ, ತಮ್ಮ ಮೊಮ್ಮಗನ ಮೊಮ್ಮಗನಾದ ಈರಭದ್ರ ಮಾಡುವ ಶರಣು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಕಾಲದಲ್ಲಿ ಯಾವ ತಿಂಗಳಿಗೂ ಇಷ್ಟು ದಿನ ಇರಲಿಲ್ಲವೆಂದು ನನಗೂ ಗೊತ್ತು. ನಮ್ಮಲ್ಲಿ ಮೊದಲ ಮಳೆ ಬಿದ್ದ ಮೇಲೆಯೇ ಆಷಾಢ. ಅಲ್ಲಿಯವರೆಗೆ ಜ್ಯೇಷ್ಠ ಎಳೆದುಕೊಂಡೇ ಹೋಗುತ್ತದೆ. ಹೋದ ವರ್ಷ ಅದು ಎಷ್ಟು ಉದ್ದವಾಯಿತೆಂದರೆ ಪಂಚಾಂಗದವರೇ ಬೇಸತ್ತು ಮುಂದಿನ ಪುಟ ಖಾಲಿ ಬಿಟ್ಟರು. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ‘ಸೆಟ್‌ಬ್ಯಾಕ್’, ‘ಎನ್‌ಓಸಿ’ ಎಂಬ ಮಾತುಗಳನ್ನು ಬಾಯಿಪಾಠ ಮಾಡುವಾಗ ಶಾಲೆಯಲ್ಲಿ ನಾವೂ ಹೀಗೆಯೇ ತಡವರಿಸಿದ್ದೆವು.

ಸತ್ತವರಿಗೆ ಕಾಗದ ಬರೆಯುವ ಹುಚ್ಚು ಇವನಿಗೇಕೆ ಎಂದು ನೀವು ಕೇಳಬಹುದು. ಇದು ಹುಚ್ಚಲ್ಲ, ಕಾಯ್ದೆ. ಹಳೆಯ ಮನೆಗೆ ಕೋಣೆ, ಮಹಡಿ, ಮೆಟ್ಟಿಲು, ಏನನ್ನೇ ಸೇರಿಸಬೇಕಾದರೂ ಅದನ್ನು ಮೊದಲು ಕಟ್ಟಿಸಿದವರಿಗೆ ಕಾಗದ ಬರೆದು ಅಪ್ಪಣೆ ಕೇಳಬೇಕು. ಇದಕ್ಕೆ ನಾವು ‘ಹಿರಿಯರಪ್ಪಣೆ’ ಎನ್ನುತ್ತೇವೆ. ಸತ್ತವರು ಯಾವತ್ತೂ ಬೇಡ ಎಂದಿಲ್ಲ, ಆ ಮಟ್ಟಿಗೆ ನೀವೆಲ್ಲ ಉದಾರಿಗಳು. ಆದರೆ ಕಾಗದವನ್ನು ಓಣಿಯ ನಡುವೆ, ಎಲ್ಲರ ಎದುರು, ಗಟ್ಟಿಯಾಗಿ ಓದಬೇಕು. ಓದುವವರು ಬರೆದವರಲ್ಲ, ಹೊಸ ಕಟ್ಟಡದ ಪಕ್ಕದ ಮನೆಯವರು. ಓದಿ ಮುಗಿದ ಮೇಲೆ ಕಾಗದವನ್ನು ಹೊಸ ಗೋಡೆಯೊಳಗೆ ಇಟ್ಟು ಮುಚ್ಚುತ್ತಾರೆ. ನಾಳೆ ಬೆಳಿಗ್ಗೆ ಈ ಕಾಗದವನ್ನು ಓದುವವರು ನಮ್ಮ ಬಡಗಣ ಮನೆಯ ಗುರುಬಸಕ್ಕ ಹೆಬ್ಬಳ್ಳಿ. ಹೌದು, ನಿಮಗೆ ಗೊತ್ತಿದ್ದ ಅದೇ ಹೆಬ್ಬಳ್ಳಿಯವರ ಕುಟುಂಬ.

ನಿಮ್ಮ ವಿಷಯ ಓಣಿಯಲ್ಲಿ ಯಾರಿಗೂ ಹೊಸದಲ್ಲ. ನಕ್ಷೆಯಲ್ಲಿ ಬಡಗಣ ದಿಕ್ಕಿಗೆ ಮೂರು ಅಡಿ ಜಾಗ ಬಿಟ್ಟಿದ್ದೀರೆಂದು ತೋರಿಸಿ, ನೆಲದ ಮೇಲೆ ಹೆಬ್ಬಳ್ಳಿಯವರ ಗೋಡೆಗೆ ಗೋಡೆ ತಾಗಿಸಿ ಮೂರು ಮಹಡಿ ಎಬ್ಬಿಸಿದಿರಿ. ಮನೆಯ ಮುಂದೆ ಮಾತ್ರ ನಿಮ್ಮ ಕಾರಿಗೆ ಎರಡು ಕಡೆಯೂ ಬಾಗಿಲು ತೆರೆಯುವಷ್ಟು ಜಾಗ ಬಿಟ್ಟುಕೊಂಡಿದ್ದಿರಿ. ಹೆಬ್ಬಳ್ಳಿಯವರ ಅಡುಗೆಮನೆಯಲ್ಲಿ ಹಗಲೂ ದೀಪ ಉರಿಯಿತು, ಅವರ ಸೊಸೆಯಂದಿರು ಅಕ್ಕಿ ಆರಿಸಲು ಬೀದಿಗೆ ಬಂದು ಕೂರುತ್ತಿದ್ದರು. ಮುಂದೆ ‘ಬಿಸಿಲ ಕಾಯ್ದೆ’ ಬಂದಾಗ ಊರಿನಲ್ಲಿ ಮೊದಲು ಇಳಿಸಿದ್ದು ನಮ್ಮ ಮಹಡಿಗಳನ್ನು. ಕತ್ತರಿಸಿದ ಕಂಬಿಗಳ ಮೊಂಡು ತುದಿಗಳು ಈಗಲೂ ಮಾಳಿಗೆಯ ಮೇಲೆ ಇವೆ. ಕಸ್ತೂರಿ, ಅಂದರೆ ನನ್ನ ಹೆಂಡತಿ, ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ. ಬಾಯಲ್ಲಿ ಒಂದು ಹೇಳಿ ಬೇರೊಂದು ಮಾಡುವವರಿಗೆ ಈ ಊರಿನಲ್ಲಿ ‘ಕವಲೂರರ ಮೂರು ಅಡಿ’ ಎನ್ನುವ ಮಾತೇ ಇದೆ. ಸಾಲ ಕೇಳಲು ಬಂದವನಿಗೂ ಹೇಳುತ್ತಾರೆ, ಮದುವೆಗೆ ಬರುತ್ತೇನೆಂದು ಬಾರದವನಿಗೂ ಹೇಳುತ್ತಾರೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಅಡ್ಡಹೆಸರು ಬಂದರೆ ಹಿಂದಿನ ಬೆಂಚು ನಗುತ್ತಿತ್ತು. ನಿಮ್ಮ ಮೇಲೆ ನನಗೆ ಆಗ ಬಂದ ಸಿಟ್ಟು ದೊಡ್ಡವನಾದ ಮೇಲೂ ಇಳಿಯಲಿಲ್ಲ, ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಆ ಸಿಟ್ಟಿನಿಂದಲೇ ಇರಬೇಕು, ನಾನು ನಮ್ಮ ಓಣಿಯ ನೆರಳು ಮಂಡಳಿಗೆ ಸೇರಿದೆ. ಮಂಡಳಿಯ ಕೆಲಸ ಹೀಗಿದೆ. ಯಾರಿಗಾದರೂ ಮನೆಯ ಮೇಲೆ ಕೋಣೆ ಬೇಕಾದರೆ, ಆ ಕೋಣೆ ಎಷ್ಟು ಎತ್ತರ, ಎಷ್ಟು ಅಗಲವೋ ಅಷ್ಟಕ್ಕೆ ಸರಿಯಾಗಿ ಮೊದಲು ಬಿದಿರು ನಿಲ್ಲಿಸಿ ಬಟ್ಟೆ ಕಟ್ಟಬೇಕು. ಇದು ‘ನೆರಳುಕಟ್ಟು’. ಬಟ್ಟೆಯನ್ನು ಪಕ್ಕದ ಮನೆಯವರಿಂದಲೇ ಕೇಳಿ ತರಬೇಕು. ಅಲ್ಲಿಗೆ ಅವರಿಗೆ ವಿಷಯ ತಿಳಿಯದೆ ಉಳಿಯುವುದಿಲ್ಲ. ಒಂದು ತಿಂಗಳು ಆ ಬಟ್ಟೆಯ ಕೋಣೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತ ನಿಲ್ಲುತ್ತದೆ. ಅದರ ನೆರಳು ಯಾರ ಅಂಗಳದಲ್ಲಿ, ಯಾರ ಕಿಟಕಿಯಲ್ಲಿ ಬೀಳುತ್ತದೆ ಎಂದು ಎಲ್ಲರೂ ನೋಡುತ್ತಾರೆ. ತಿಂಗಳು ಮುಗಿದ ಮೇಲೆ ಕಟ್ಟುವವರು ಪಕ್ಕದ ಮನೆಗೆ ಹೋಗಿ ಚಾಪೆಯ ಮೇಲೆ ಕೂರುತ್ತಾರೆ. ಆ ಮನೆಯವರು ಬೆಲ್ಲ ನೀರು ಕೊಟ್ಟರೆ ಒಪ್ಪಿಗೆ, ಬರೀ ನೀರು ಕೊಟ್ಟರೆ ಇಲ್ಲ. ಸಹಿ, ಮುದ್ರೆ ಯಾವುದೂ ಇಲ್ಲ. ಬರೀ ನೀರು ಕುಡಿದು ಬಂದವರು ಮರುಮಾತಿಲ್ಲದೆ ಬಿದಿರು ಇಳಿಸುತ್ತಾರೆ. ಬಾಗಿಲಿಗೆ ಬಣ್ಣ ಬಳಿಯಲು ಮಾತ್ರ ಯಾರ ಒಪ್ಪಿಗೆಯೂ ಬೇಡ, ಆದರೂ ಎಲ್ಲರೂ ಬಂದು ಅಭಿಪ್ರಾಯ ಹೇಳಿ ಹೋಗುತ್ತಾರೆ. ಮಂಡಳಿಯಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಇಲ್ಲವೆಂದು ನನಗೆ ಹೆಸರು. ಮೂಲೆಮನೆಯ ಹೊನ್ನೂರಸಾಬರು ಮೆಟ್ಟಿಲ ಮೇಲೆ ತಗಡು ಹಾಕಬೇಕೆಂದಿದ್ದರು. ಬಟ್ಟೆಯ ನೆರಳು ಎದುರುಮನೆಯ ತುಳಸಿಕಟ್ಟೆಗೆ ಗೇಣುದ್ದ ತಾಗಿತೆಂದು ನಾನೇ ತಕರಾರು ತೆಗೆದು ನಿಲ್ಲಿಸಿದೆ. ಪಾಪ, ಅವರು ಈಗಲೂ ಮಳೆಗಾಲದಲ್ಲಿ ಕೊಡೆ ಹಿಡಿದು ಮಹಡಿ ಹತ್ತುತ್ತಾರೆ, ಸಿಕ್ಕಾಗ ನನಗೆ ಸಲಾಮು ಹೇಳುತ್ತಾರೆ.

ಈಗ ನನಗೇ ಒಂದು ಕೋಣೆ ಬೇಕಾಗಿದೆ. ನನ್ನ ಮಗಳು ನೀಲಾಂಬಿಕೆ, ಅಳಿಯ, ಅವರ ಕೂಸು ಕರಾವಳಿಯ ಊರೊಂದರಲ್ಲಿ ಇದ್ದಾರೆ. ಅಲ್ಲಿ ಕಡಲು ಒಳಗೆ ಬಂದಿದೆ. ಉಬ್ಬರದ ದಿನ ಅವರ ಹೊಸ್ತಿಲ ಮೇಲೆ ಏಡಿಗಳು ಓಡಾಡುತ್ತವೆ, ಕೂಸಿಗೆ ಅದು ಆಟ, ಮಗಳಿಗೆ ನಿದ್ದೆಯಿಲ್ಲ. ದಸರೆಗೆ ಆ ಓಣಿಯನ್ನೇ ಖಾಲಿ ಮಾಡಿಸುತ್ತಾರಂತೆ. ನಮ್ಮ ಊರಿಗೆ ಬಂದು ನೆಲೆಸಬೇಕಾದರೆ ತಮ್ಮದೇ ಒಂದು ಕೋಣೆ ಇರಬೇಕು, ಇದೂ ಕಾಯ್ದೆಯೇ. ಇಲ್ಲದವರನ್ನು ದೂರದ ಹೊಸ ಊರುಗಳಿಗೆ ಹಂಚುತ್ತಾರೆ. ಅಲ್ಲಿಗೆ ಹೋದವರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನನಗೆ ಇರುವವಳು ಒಬ್ಬಳೇ ಮಗಳು. ದಸರೆಯೊಳಗೆ ಕೋಣೆ ಏಳಬೇಕು.

ಮಾಳಿಗೆಯ ಮೇಲೆ ಎರಡು ಕಡೆ ಜಾಗವಿತ್ತು. ತೆಂಕಣ ಅಂಚಿಗೆ ಕಟ್ಟಿದರೆ ಚಳಿಗಾಲದಲ್ಲಿ ಅದರ ನೆರಳು ನಮ್ಮದೇ ನಡುವಂಗಳದ ಮೇಲೆ ಬೀಳುತ್ತದೆ. ಆ ಅಂಗಳದಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುವುದು ನನ್ನ ಬಹುಕಾಲದ ಸುಖ. ಬಡಗಣ ಅಂಚಿಗೆ ಕಟ್ಟಿದರೆ ಆ ನೆರಳು ಗುರುಬಸಕ್ಕನ ಕಟ್ಟೆಯ ಮೇಲೆ ಬೀಳುತ್ತದೆ.

ಆ ಕಟ್ಟೆಯ ಬಗ್ಗೆ ನಿಮಗೆ ಹೇಳಬೇಕು. ಗುರುಬಸಕ್ಕ ಹಲ್ಲಿನ ಡಾಕ್ಟರಾಗಿದ್ದವರು. ಊರಿನ ಅರ್ಧ ಜನ ಅವರ ಮುಂದೆ ಬಾಯಿ ತೆರೆದವರೇ. ಈಗ ಕೈಬೆರಳ ಗೆಣ್ಣುಗಳು ಬಾತುಕೊಂಡಿವೆ. ಪುಷ್ಯ ಮಾಸದ ಚಳಿಗೆ ಬೆಳಿಗ್ಗೆ ಮುಷ್ಟಿ ಮಡಚಲೂ ಆಗುವುದಿಲ್ಲ, ತುತ್ತನ್ನು ಬೇರೆಯವರು ಕಲಸಿಕೊಡಬೇಕು. ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಕೈ ಚಾಚಿಕೊಂಡರೆ ಮಧ್ಯಾಹ್ನದ ಊಟದ ಹೊತ್ತಿಗೆ ಬೆರಳು ಅವರ ಮಾತು ಕೇಳುತ್ತವೆ. ಆಮೇಲೆ ಅವರೇ ರೊಟ್ಟಿ ಮುರಿದುಕೊಳ್ಳುತ್ತಾರೆ, ಅವರೇ ಜಡೆ ಹಾಕಿಕೊಳ್ಳುತ್ತಾರೆ. ಓಣಿಯ ಉಳಿದ ಮುದುಕಿಯರೂ ಅಲ್ಲಿಗೇ ಬರುತ್ತಾರೆ. ನೀವು ಕಸಿದುಕೊಂಡ ಬಿಸಿಲು ಮಹಡಿ ಇಳಿಸಿದ ಮೇಲೆ ಹಿಂದಿರುಗಿ ಬಂದದ್ದು ಆ ಕಟ್ಟೆಗೇ.

ನೆರಳುಕಟ್ಟನ್ನು ಎಲ್ಲರೂ ಸುಗ್ಗಿ ಮುಗಿದ ಮೇಲೆ, ಪುಷ್ಯದಲ್ಲೇ ನಿಲ್ಲಿಸುತ್ತಾರೆ. ಬಿದಿರು ಸಿಗುವುದು ಆಗ, ಮೇಸ್ತ್ರಿಗಳ ಕೈ ಖಾಲಿ ಇರುವುದು ಆಗ. ಮಳೆಯ ಮುಂದೆ ಜ್ಯೇಷ್ಠದಲ್ಲಿ ಬಿದಿರು ಎತ್ತುವ ಹುಚ್ಚರು ಯಾರೂ ಇಲ್ಲ. ಹಾಗಾಗಿ ಕಾಯ್ದೆ ಬರೆದವರು ತಿಂಗಳು ಎಂದಷ್ಟೇ ಬರೆದರು, ಯಾವ ತಿಂಗಳು ಎಂದು ಬರೆಯಲಿಲ್ಲ. ಮಂಡಳಿಯಲ್ಲಿ ಕೂತು ಕೂತು ಈ ಸಂದು ನನ್ನ ಕಣ್ಣಿಗೆ ಬಿದ್ದಿತ್ತು. ಜ್ಯೇಷ್ಠದಲ್ಲಿ ಸೂರ್ಯ ನಮ್ಮ ತಲೆ ದಾಟಿ ಬಡಗಣಕ್ಕೆ ಸರಿದಿರುತ್ತಾನೆ. ನೆರಳು ತೆಂಕಣಕ್ಕೆ, ನಮ್ಮ ಕಡೆಗೇ ಬೀಳುತ್ತದೆ. ಮಗಳ ಕಷ್ಟವನ್ನು ಮುಂದೆ ಮಾಡಿ, ದಸರೆಯ ಗಡುವು ಹೇಳಿ, ಜ್ಯೇಷ್ಠದಲ್ಲೇ ಬಡಗಣ ಅಂಚಿಗೆ ಬಿದಿರು ನಿಲ್ಲಿಸಿದೆ. ಯಾರೂ ಅನುಮಾನಪಡಲಿಲ್ಲ. ಕಟ್ಟುನಿಟ್ಟಿನ ಈರಭದ್ರನ ಮೇಲೆ ಯಾರು ಅನುಮಾನಪಡುತ್ತಾರೆ? ಕಸ್ತೂರಿ ಮಾತ್ರ ಹಗ್ಗ ಹಿಡಿದುಕೊಂಡು ನಿಂತಿದ್ದವಳು ಕೇಳಿದಳು:

“ಪುಷ್ಯದಾಗ ಅಕ್ಕಾರು ಎಲ್ಲಿ ಕುಂದರಬೇಕು?”

“ಕಾಯ್ದೆ ಕೇಳದ್ದನ್ನ ನೀ ಯಾಕ ಕೇಳ್ತಿ?” ಎಂದು ಅವಳ ಬಾಯಿ ಮುಚ್ಚಿಸಿದೆ. ಅವಳು ಹಗ್ಗವನ್ನು ನನ್ನ ಕೈಗೆ ಕೊಟ್ಟು ಕೆಳಗೆ ಇಳಿದು ಹೋದಳು. ಅಂದಿನಿಂದ ನನ್ನೊಡನೆ ಬೇಕಾದಷ್ಟೇ ಮಾತು.

ಬಟ್ಟೆ ಕೊಟ್ಟವರು ಗುರುಬಸಕ್ಕನೇ. ಪೆಟ್ಟಿಗೆಯಿಂದ ತಮ್ಮ ಮದುವೆಯ ಕಾಲದ ಬಿಳಿ ಹಾಸಿಗೆ ಬಟ್ಟೆಗಳನ್ನು ತೆಗೆದು, ಗಾಳಿಗೆ ಹರಿದರೆ ಹರಿಯಲಿ ಎಂದು ಕೊಟ್ಟರು. ತಿಂಗಳಿಡೀ ಆ ಬಟ್ಟೆಗಳ ನೆರಳು ನಮ್ಮ ಮಾಳಿಗೆಯ ಮೇಲೆಯೇ ಬಿದ್ದುಕೊಂಡಿತ್ತು, ಕಟ್ಟೆಯ ಹತ್ತಿರಕ್ಕೂ ಸುಳಿಯಲಿಲ್ಲ. ನಿನ್ನೆ ನಾನು ಅವರ ಚಾಪೆಯ ಮೇಲೆ ಹೋಗಿ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಬೆಲ್ಲದ ತಟ್ಟೆ ಬಂತು.

“ನೆರಳು ನನ್ನ ಕಟ್ಟಿಗೆ ಬಂದಿಲ್ಲ ತಮ್ಮಾ, ನಾನ ಕಣ್ಣಾರೆ ನೋಡೇನಿ,” ಎಂದರು. “ಇನ್ನೇನ ಕೇಳೂದೈತಿ? ನಿನ್ನ ಮಗಳು ಬರ್ಲಿ.”

ಬೆಲ್ಲ ತಿಂದೆ. ನೀರು ಕುಡಿದೆ. ಚೆನ್ನಾಗಿಯೇ ಇತ್ತು, ಅದೇ ನಾಚಿಕೆ. ಮನೆಗೆ ಬಂದು ನಿಮಗೊಂದು ಕಾಗದ ಬರೆದೆ, ಇದಲ್ಲ, ಬೇರೆಯದು. ನೀವು ಮಾಡಿದ ತಪ್ಪನ್ನು ಎತ್ತಿ ಆಡಿ, ನಾನು ಕಾಯ್ದೆಯ ಪ್ರಕಾರ ಕಟ್ಟುತ್ತಿದ್ದೇನೆಂದು ಬೀಗಿ, ಕವಲೂರರ ಹೆಸರಿನ ಕಲೆ ತೊಳೆಯುತ್ತಿದ್ದೇನೆಂದು ಮುಗಿಸಿದ್ದೆ. ಓದಿದರೆ ಓಣಿ ಚಪ್ಪಾಳೆ ತಟ್ಟುತ್ತಿತ್ತು.

ಇವತ್ತು ಮಧ್ಯಾಹ್ನ ಗುರುಬಸಕ್ಕ ಗೋಡೆಯ ಆಚೆಯಿಂದ ನನ್ನನ್ನು ಕರೆದರು. ನಾಳೆ ಕಾಗದ ಓದುವುದು ಅವರಿಗೆ ದೊಡ್ಡ ಜವಾಬ್ದಾರಿಯಾಗಿತ್ತು.

“ದಪ್ಪ ಅಕ್ಷರದಾಗ ಬರಿಯಪ್ಪಾ,” ಎಂದರು. “ನನ್ನ ಕಣ್ಣು ಮಂಜ ಆಗ್ಯಾವು. ತಪ್ಪ ಓದಿ ನಾಕ ಮಂದ್ಯಾಗ ನಿನ್ನ ಮರ್ಯಾದಿ ಕಳೀಬಾರ್ದು ನೋಡು.”

ಆಗಲಿ ಎಂದು ಬಂದು, ಆ ಕಾಗದವನ್ನು ದಪ್ಪ ಅಕ್ಷರದಲ್ಲಿ ಮತ್ತೆ ಬರೆಯಲು ಕೂತೆ. ನನ್ನ ಮರ್ಯಾದೆಗಾಗಿ ಅವರು ಕಣ್ಣು ಕಿರಿದು ಮಾಡಿ ಓದುವುದನ್ನು ನೆನೆದು ಮೊದಲ ಸಾಲೇ ಮುಂದೆ ಹೋಗಲಿಲ್ಲ. ಹರಿದು ಹಾಕಿದೆ.

ಮಹಾಂತೇಶಪ್ಪನವರೇ, ನಿಮ್ಮನ್ನು ಬಯ್ಯಲು ನನಗೆ ಬಾಯಿಲ್ಲ. ನೀವು ಕಾಯ್ದೆ ಮುರಿದು ಹೆಬ್ಬಳ್ಳಿಯವರ ಬಿಸಿಲು ತಿಂದಿರಿ, ನಾನು ಕಾಯ್ದೆ ಪಾಲಿಸಿ ತಿನ್ನಲು ಹೊರಟೆ. ನೀವು ನಿಮ್ಮ ಕಾರಿಗೆ ಜಾಗ ಬಿಟ್ಟುಕೊಂಡಿರಿ, ನಾನು ನನ್ನ ಚಹಾಕ್ಕೆ ಬಿಸಿಲು ಉಳಿಸಿಕೊಂಡೆ. ನಿಮ್ಮನ್ನು ನೋಡಿ ಜನ ನಕ್ಕರು. ನನ್ನನ್ನು ನೋಡಿ ಗುರುಬಸಕ್ಕ ಬೆಲ್ಲ ಕೊಟ್ಟರು. ಇಬ್ಬರಲ್ಲಿ ಕೀಳು ಯಾರೆಂದು ನನಗೆ ಅನುಮಾನವಿಲ್ಲ. ಬಡಗಣ ಅಂಚಿನ ಕೋಣೆಗೆ ನಿಮ್ಮ ಅಪ್ಪಣೆ ಇನ್ನು ನನಗೆ ಬೇಡ. ಈ ಕಾಗದ ಯಾವ ಗೋಡೆಯೊಳಗೂ ಹೋಗುವುದಿಲ್ಲ. ನಿಮಗೆ ಶರಣು, ಇಲ್ಲಿಂದ ಮುಂದಿನದು ನಿಮಗಲ್ಲ.

ಗುರುಬಸಕ್ಕ, ಈಗ ಓದುತ್ತಿರುವವರು ನೀವು. ನಿಲ್ಲಿಸಬೇಡಿ, ಇನ್ನು ಸ್ವಲ್ಪವೇ ಇದೆ. ಸುತ್ತ ನಿಂತವರು ಗುಸುಗುಸು ಅಂದರೆ ಅನ್ನಲಿ. ಹೊನ್ನೂರಸಾಬರು ಅಲ್ಲೇ ಇದ್ದರೆ ಅವರಿಗೂ ಕೇಳಿಸುವಂತೆ ಓದಿ. ನಿಮ್ಮ ಹಾಸಿಗೆ ಬಟ್ಟೆಗಳನ್ನು ಇವತ್ತೇ ಇಳಿಸಿ, ಒಗೆಸಿ, ಮಡಚಿ ತಂದುಕೊಡುತ್ತೇನೆ. ಕೋಣೆಯನ್ನು ತೆಂಕಣ ಅಂಚಿಗೆ ಕೇಳುತ್ತೇನೆ. ಪುಷ್ಯದಲ್ಲಿ ಅದರ ನೆರಳು ಎಲ್ಲಿಯವರೆಗೆ ಬರುತ್ತದೆಂದು ಈ ಸಲ ಮಂಡಳಿಯವರೇ ಲೆಕ್ಕ ಹಾಕಿ ಹೇಳಲಿ. ಮತ್ತೊಂದು ತಿಂಗಳು ಬಟ್ಟೆ ನಿಲ್ಲಬೇಕು, ಆಮೇಲೆ ಗೋಡೆ. ದಸರೆಯೊಳಗೆ ಮುಗಿಯದೆ ಹೋಗಬಹುದು. ಮುಗಿಯದಿದ್ದರೆ ನೀಲಾ ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲ. ಅವಳಿಗೂ ಇದನ್ನೆಲ್ಲ ತಿಳಿಸುತ್ತೇನೆ.

ನಿಮ್ಮಲ್ಲಿ ಕೇಳುವುದು ಒಂದೇ. ಓದಿ ಮುಗಿಸಿದ ಮೇಲೆ ಒಳಗೆ ಹೋಗಿ ನನಗೆ ನೀರು ತನ್ನಿ, ಎಲ್ಲರ ಎದುರು ಕುಡಿಯುತ್ತೇನೆ. ಮಗಳ ಮುಖ ನೋಡಿ ಮನಸ್ಸು ಕರಗಿಸಿಕೊಳ್ಳಬೇಡಿ, ನೀವು ಕರಗುವವರೆಂದು ನನಗೆ ಗೊತ್ತು. ಬೆಲ್ಲ ಬೇಡ ಅಕ್ಕಾ, ಬರೀ ನೀರು ಕೊಡಿ.